ಐದನೆಯ ವಾಸನೆ

ಜನವರಿ 9, ಶುಕ್ರವಾರ

ಇಬುಕಿ ಮಲಗಿದ್ದಾನೆ. ಮಗು ಮಲಗಿದಾಗ ತಾಯಿಯೂ ಮಲಗಬೇಕು ಎಂದು ಉಪದೇಶ ಮಾಡಿದವರೆಲ್ಲ ತಮ್ಮ ಬಟ್ಟೆ ಯಾವಾಗ ಒಗೆದುಕೊಳ್ಳುತ್ತಿದ್ದರೋ ಕಾಣೆ.

ಇವತ್ತು ನಮ್ಮ ವಿಶ್ವವಿದ್ಯಾಲಯದಿಂದ ಲಕೋಟೆ ಬಂತು. ಪರಿಸರ ವಿಜ್ಞಾನಕ್ಕೆ ಸೇರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರಂತೆ. ಅದಕ್ಕೇ 'ಪರಿಸರ ಓದಿದವರು ಏನಾಗುತ್ತಾರೆ?' ಎಂಬ ಪುಸ್ತಿಕೆ ಅಚ್ಚು ಹಾಕಿಸಿ ಹೈಸ್ಕೂಲುಗಳಿಗೆ ಹಂಚುತ್ತಾರಂತೆ. ಜೊತೆಗೆ ತುಂಬಿ ಕಳಿಸಲು ಒಂದು ನಮೂನೆ. ಹೆಸರು, ಪಾಸಾದ ವರ್ಷ, ಈಗಿನ ಕೆಲಸ, ಕಿರಿಯರಿಗೆ ಎರಡು ಮಾತು. ಫೆಬ್ರವರಿ ಮುಗಿಯುವುದರೊಳಗೆ ಕಳಿಸಬೇಕು.

ಹೆಸರು ಬರೆದೆ. ವರ್ಷ ಬರೆದೆ. ಮೂರನೆಯ ಗೆರೆಯಲ್ಲಿ ಪೆನ್ನು ನಿಂತಿತು.

ನಮ್ಮ ತರಗತಿಯಲ್ಲಿ ಹದಿನೆಂಟು ಜನ. ಒಬ್ಬ ಗಾಳಿಯಂತ್ರದ ಕಂಪನಿಗೆ ಹದ್ದುಗಳನ್ನು ಎಣಿಸಿಕೊಡುತ್ತಾನೆ. ಒಬ್ಬಳು ಟೋಕಿಯೋದಲ್ಲಿ ಮೂವತ್ತೊಂದನೆಯ ಮಹಡಿಯಲ್ಲಿ ಕೂತು ಬೇರೆಯವರ ಹೊಗೆಯ ವರದಿ ಬರೆಯುತ್ತಾಳೆ. ಒಬ್ಬ ಸೌರಫಲಕ ಮಾರುತ್ತಾನೆ, ಮದುವೆಮನೆಯಲ್ಲಿ ಸಿಕ್ಕರೂ ಮಾರುತ್ತಾನೆ. ನಾನು ಮೂಗು. ಹೈಸ್ಕೂಲು ಮಕ್ಕಳಿಗೆ ಅರ್ಥವಾಗುವಂತೆ ಒಂದು ಕರಡು ಬರೆದು ನೋಡಿದೆ: 'ಕಾರ್ಖಾನೆ ನಾರುತ್ತದೆ ಎಂದು ಊರವರು ದೂರು ಕೊಟ್ಟಾಗ, ಆ ಗಾಳಿಯನ್ನು ಚೀಲದಲ್ಲಿ ಹಿಡಿದು ತಂದು, ಎಷ್ಟು ಪಟ್ಟು ತೆಳುಮಾಡಿದರೆ ಮನುಷ್ಯನಿಗೆ ವಾಸನೆ ತಿಳಿಯದೆ ಹೋಗುತ್ತದೆ ಎಂದು ಆರು ಜನರ ಮೂಗಿನಿಂದ ಕಂಡುಹಿಡಿಸುವ ಪರವಾನಗಿ ಪಡೆದ ಪರೀಕ್ಷಕಿ.'

ಚೆನ್ನಾಗಿದೆ ಅನ್ನಿಸಿತು. ಆಮೇಲೆ ಲಕೋಟೆಯಲ್ಲಿದ್ದ ಪತ್ರ ಪೂರ್ತಿ ಓದಿದೆ. ಮುಖಪುಟಕ್ಕೆ ವಾಸನೆ ಪರೀಕ್ಷೆಯ ಚಿತ್ರವನ್ನೇ ಆರಿಸಿದ್ದಾರೆ. ಚಿತ್ರದಲ್ಲಿರುವವಳು ಕಜಾನೆಯಂತೆ.

ಕಜಾನೆ! ಔಷಧ ವಿಭಾಗದಲ್ಲಿ ಸೀಟು ಸಿಗದೆ ನಮ್ಮಲ್ಲಿಗೆ ಬಂದವಳು. ನಾಲ್ಕು ವರ್ಷ ತಂಪುಪಾನೀಯದ ಕಂಪನಿಯಲ್ಲಿ ಬಾಟಲಿ ಮಾರಿದವಳು. ಹೋದ ಬೇಸಗೆಯಲ್ಲಿ, ನನ್ನ ಹೆರಿಗೆ ರಜೆಯ ಜಾಗಕ್ಕೆ ಇವಳನ್ನು ಇಟ್ಟುಕೊಳ್ಳಿ ಎಂದು ನಮ್ಮ ಕಚೇರಿಯ ಯಜಮಾನ ಸಾವಾಗುಚಿ-ಸಾನ್ ಅವರಿಗೆ ಹೇಳಿ ಸೇರಿಸಿದವಳು ನಾನು. ನವೆಂಬರಿನಲ್ಲಿ ಒಂದೇ ಏಟಿಗೆ ಪರವಾನಗಿ ಪರೀಕ್ಷೆಯನ್ನೂ ಪಾಸು ಮಾಡಿಕೊಂಡಳು. ಅವಳು ಕೂತಿರುವುದು ನನ್ನ ಕುರ್ಚಿ. ಚಿತ್ರದಲ್ಲಿ ತೊಟ್ಟಿರುವ ಬಿಳಿಯ ಅಂಗಿ ಕೂಡ ನನ್ನದೇ ಇರಬೇಕು. ಚಿತ್ರ ಕೈಗೆ ಬಂದಾಗ ಎಡಗೈ ತೋಳಿನಲ್ಲಿ ಶಾಯಿಯ ಕಲೆ ಇದೆಯೇ ನೋಡಬೇಕು.

ಜನವರಿ 14, ಬುಧವಾರ

ಅತ್ತೆ ಮಗುವನ್ನು ನೋಡಲು ಬಂದರು. ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡರು.

"ಡಯಾಪರ್ ಡಬ್ಬಿ ಎಷ್ಟು ದಿನದಿಂದ ಖಾಲಿ ಮಾಡಿಲ್ವೇ? ಊರೋರ ನಾತ ಎಲ್ಲ ಕಂಡುಹಿಡಿಯೋಳು, ನಿನ್ನ ಮನೆ ನಾತ ನಿಂಗೆ ಬಡಿಯಲ್ವಾ?"

"ನಿದ್ದೆ ಇಲ್ಲ ಅತ್ತೆ, ಮರೆತೆ."

ಮರೆತಿರಲಿಲ್ಲ. ಬಡಿದಿರಲಿಲ್ಲ.

ಬರೆದೇಬಿಡುತ್ತೇನೆ, ಇದನ್ನು ಯಾರು ಓದುತ್ತಾರೆ. ಹೆರಿಗೆಯಾದ ಮೂರನೆಯ ವಾರ ಜ್ವರ ಬಂತಲ್ಲ, ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ಕೊಂಡೊಯ್ದಿತು. ತಾನೇ ಬರುತ್ತದೆ ಎಂದುಕೊಂಡೆ. ನಾಲ್ಕು ತಿಂಗಳಾಯಿತು. ನನ್ನ ಗಂಡ ತೆತ್ಸುರೋ ಮೀನು ಮಾರುಕಟ್ಟೆಯ ಮಂಜುಗಡ್ಡೆ ಮನೆಯಿಂದ ಬಂದು ನನ್ನ ಪಕ್ಕ ಕೂರುತ್ತಾನೆ. ನಾನು ಹಳೆಯ ಅಭ್ಯಾಸದಿಂದ "ಸ್ನಾನ ಮಾಡು ಮೊದಲು" ಎನ್ನುತ್ತೇನೆ. ಅವನಿಗೂ ಗೊತ್ತಿಲ್ಲ.

ಅತ್ತೆ ಹೋದ ಮೇಲೆ ಪರೀಕ್ಷೆಯ ಪೆಟ್ಟಿಗೆ ತೆಗೆದೆ. ಐದು ಪುಟ್ಟ ಶೀಸೆಗಳು. ಗುಲಾಬಿ. ಸುಟ್ಟ ಸಕ್ಕರೆ. ಬೆವರಿದ ಕಾಲುಚೀಲ. ಹಣ್ಣಾದ ಪೀಚ್. ಐದನೆಯದು, ಮರ್ಯಾದೆಯಾಗಿ ಹೇಳುವುದಾದರೆ, ಹಳೆಯ ಕಕ್ಕಸು. ಕಾಗದದ ಪಟ್ಟಿಗಳನ್ನು ಅದ್ದಿ ಅದ್ದಿ ಮೂಸಿದೆ. ಕಾಗದ. ಕಾಗದ. ಕಾಗದ. ಕಾಗದ. ಕಾಗದ.

ಮಾರ್ಚ್ ಕೊನೆಗೆ ನನ್ನ ಪರವಾನಗಿಗೆ ಐದು ವರ್ಷ ತುಂಬುತ್ತದೆ. ಮುಂದುವರಿಯಬೇಕಾದರೆ ಮಾರ್ಚ್ 12ಕ್ಕೆ ಸೆಂದಾಯಿಯಲ್ಲಿ ಮೂಗಿನ ಪರೀಕ್ಷೆ. ಐದಕ್ಕೆ ಐದೂ ಬರಬೇಕು. ಬರದಿದ್ದರೆ ಏಪ್ರಿಲ್‌ನಲ್ಲಿ ನಾನು ಹಿಂತಿರುಗಲು ಕುರ್ಚಿ ಇರುವುದಿಲ್ಲ. ಕುರ್ಚಿ ಇರುತ್ತದೆ, ಅದರಲ್ಲಿ ಕಜಾನೆ ಇರುತ್ತಾಳೆ.

ಜನವರಿ 21, ಬುಧವಾರ

ಕಜಾನೆಯ ಸಂದೇಶ: 'ನಾತ್ಸು, ನಿನ್ನ ನೀಲಿ ನೋಟ್‌ಪುಸ್ತಕ ಮನೇಲಿದ್ಯಾ? ಒಂದ್ಸಲ ನೋಡ್ಬೇಕಿತ್ತು. ನೀನು ಯಾವಾಗ ಬರ್ತೀಯೇ?'

ಐದು ವರ್ಷ ನಾನು ಮೂಸಿದ ಪ್ರತಿ ಕಾರ್ಖಾನೆ, ಪ್ರತಿ ಹಂದಿಸಾಕಣೆ ಆ ಪುಸ್ತಕದಲ್ಲಿದೆ. ಯಾವ ಗಾಳಿಯನ್ನು ಎಷ್ಟು ಪಟ್ಟಿನಿಂದ ತೆಳುಮಾಡಲು ಶುರುಮಾಡಬೇಕೆಂಬುದು ಯಾವ ಪಠ್ಯದಲ್ಲೂ ಇಲ್ಲ. ಮೂಸಿ ಕಲಿಯಬೇಕು. ಕುರ್ಚಿ ಆಯಿತು, ಅಂಗಿ ಆಯಿತು, ಮುಖಪುಟ ಆಯಿತು, ಇನ್ನು ಅದೊಂದು ಉಳಿದಿತ್ತು. 'ಯಾವಾಗ ಬರ್ತೀಯೇ' ಅಂತೆ. ಎಷ್ಟು ದಿನ ನಿಶ್ಚಿಂತೆಯಾಗಿ ಕೂರಬಹುದೆಂದು ಲೆಕ್ಕ ಬೇಕಾಗಿದೆ.

'ಎಲ್ಲಿಟ್ಟೆನೋ ನೆನಪಿಲ್ಲ' ಎಂದು ಬರೆದೆ. ಈ ದಿನಚರಿಯ ಕೆಳಗೇ ಇದೆ.

ಜನವರಿ 25, ಭಾನುವಾರ

ಕಜಾನೆ ಬಂದಿದ್ದಳು, ಒಂದು ಚೀಲ ಸೇಬು ಹಿಡಿದು.

"ಕಾಫಿ ಬೇಡ ಕಣೇ, ಬಿಸಿನೀರು ಕೊಡು ಸಾಕು. ಬುಧವಾರ ಮೀನುಹಿಟ್ಟಿನ ಕಾರ್ಖಾನೆ ಪರೀಕ್ಷೆ. ಶುಕ್ರವಾರದಿಂದ ಬೆಳ್ಳುಳ್ಳಿ ಮುಟ್ಟಿಲ್ಲ ನಾನು."

ಬೆಳ್ಳುಳ್ಳಿ ತಿನ್ನದಿರುವುದನ್ನು ಕಂಡು ಹೊಟ್ಟೆಕಿಚ್ಚು ಪಡಬಹುದೆಂದು ಇವತ್ತು ಗೊತ್ತಾಯಿತು. ಪರೀಕ್ಷೆಗೆ ಮುಂಚೆ ಬೆಳ್ಳುಳ್ಳಿ ಬಿಡುವುದು, ವಾಸನೆಯಿಲ್ಲದ ಸೋಪಿನಲ್ಲಿ ತಲೆ ತೊಳೆಯುವುದು, ಮಧ್ಯಾಹ್ನ ಬರೀ ಉಪ್ಪಿನ ಅನ್ನದುಂಡೆ ತಿನ್ನುವುದು, ಇವೆಲ್ಲ ಒಂದು ಕಾಲಕ್ಕೆ ನನ್ನ ವ್ರತಗಳು. ನಿನ್ನೆ ನಾನು ಬೆಳ್ಳುಳ್ಳಿ ಹಾಕಿದ ಹಂದಿಮಾಂಸ ಎರಡು ತಟ್ಟೆ ತಿಂದೆ. ಯಾರಿಗೆ ಏನಾಗಬೇಕು.

ಅವಳು ಇಬುಕಿಯನ್ನು ಎತ್ತಿಕೊಂಡಳು. "ಯಾವಾಗ ಬರ್ತೀಯೇ ನಾತ್ಸು?"

"ಯಾಕೆ, ಕುರ್ಚಿ ಬಿಟ್ಟುಕೊಡೋಕೆ ಕಷ್ಟ ಆಗ್ತಿದ್ಯಾ?"

"ಕುರ್ಚಿ ಮಾತಲ್ಲ ಕಣೇ. ನಾನು ಒಂದು ವಿಷಯ ಹೇಳ್ಬೇಕು ಅಂತ..."

ಆಗ ಇಬುಕಿ ನೇರ ಅವಳ ಮುಖಕ್ಕೇ ಸೀನಿದ.

"ಅಯ್ಯೋ! ಶೀತ ಏನೇ ಇವನಿಗೆ?"

"ಇಲ್ಲಪ್ಪ. ಹಲ್ಲು ಬರ್ತಿದೆ."

ಅವಳು ನಕ್ಕು ಅವನ ಕೆನ್ನೆಗೆ ಕೆನ್ನೆ ಒತ್ತಿದಳು. ಹೇಳಬೇಕೆಂದಿದ್ದ ವಿಷಯ ಅಲ್ಲಿಗೇ ನಿಂತಿತು. ನಾನೂ ಕೇಳಲಿಲ್ಲ.

ಹಲ್ಲು ಬರುವಾಗ ಮೂಗು ಸೋರುವುದುಂಟು. ಶಿಶುಪಾಲನೆ ಪುಸ್ತಕದಲ್ಲಿದೆ.

ಪುಸ್ತಕ ತೆಗೆದು ನೋಡಿದೆ. ಜೊಲ್ಲು ಎಂದಿದೆ.

ಜನವರಿ 27, ಮಂಗಳವಾರ

ಸಾವಾಗುಚಿ-ಸಾನ್ ಫೋನು ಮಾಡಿದರು. ಯಜಮಾನರದು ಯಾವಾಗಲೂ ಪೀಠಿಕೆಯಿಲ್ಲದ ಮಾತು, ನನ್ನನ್ನು ಕರೆಯುವುದೂ ಮನೆತನದ ಹೆಸರಿನಿಂದಲೇ.

"ಹಟಾನಾಕಾ, ಕಜಾನೆಗೆ ಮೂಗು ಕಟ್ಟಿದೆ. ನಾಳೆ ಆರು ಜನ ಬರ್ತಿದಾರೆ, ಪುರಸಭೆಯವ್ರೂ ಬರ್ತಾರೆ. ಅರ್ಧ ದಿನ ಬರ್ತೀಯಾ?"

"ಬರ್ತೀನಿ."

"ಮಗು?"

"ಅತ್ತೆ ನೋಡ್ಕೋತಾರೆ."

"ಮೂಗು ಚೆನ್ನಾಗಿದ್ಯಾ?"

"ಚೆನ್ನಾಗಿದೆ."

ಬಿಳಿಯ ಅಂಗಿ ಒಗೆಯುವುದೇನೂ ಇರಲಿಲ್ಲ, ಅದು ಕಚೇರಿಯಲ್ಲೇ ಇದೆ. ಆದರೂ ಸಂಜೆಯೆಲ್ಲ ಏನೋ ತೊಳೆಯುತ್ತಲೇ ಇದ್ದೆ, ಹಾಡುತ್ತಲೂ ಇದ್ದೆನಂತೆ. ತೆತ್ಸುರೋ ಹೇಳಿದ. ನಾಳೆಯ ಪುಟ ನೀಲಿ ಪುಸ್ತಕದಲ್ಲಿ ಗುರುತು ಹಾಕಿಟ್ಟಿದ್ದೇನೆ. ಮೀನುಹಿಟ್ಟು, ಹೋದ ವರ್ಷ. ಮೂಗು ಬೇಕಾಗುವುದು ಶುರುವಿನ ಒಂದು ಅಂದಾಜಿಗೆ ಮಾತ್ರ. ಅಂದಾಜು ಬರೆದೇ ಇದೆ. ಉಳಿದದ್ದು ಕೈಕೆಲಸ.

ಜನವರಿ 28, ಬುಧವಾರ

ಅಂಗಿಯ ಎಡತೋಳಿನಲ್ಲಿ ಶಾಯಿಯ ಕಲೆ ಇತ್ತು. ನನ್ನದೇ.

ಜನವರಿ 29, ಗುರುವಾರ

ನಿನ್ನೆ ಒಂದು ಸಾಲಿಗಿಂತ ಹೆಚ್ಚು ಬರೆಯಲಾಗಲಿಲ್ಲ. ಇವತ್ತು ಬರೆಯುತ್ತೇನೆ.

ಆರು ಜನ ಕೂತಿದ್ದರು. ಎಲ್ಲ ಹಳೆಯ ಮುಖಗಳು, ವರ್ಷಗಟ್ಟಲೆ ನಮಗೆ ಮೂಗು ಬಾಡಿಗೆ ಕೊಟ್ಟವರು. ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತರಾದ ತಾನೆಯಿಚಿ ಅಜ್ಜಿ ನನ್ನ ಕೈ ಹಿಡಿದುಕೊಂಡು, "ಬಂದ್ಯಾ ತಾಯಿ, ಆ ಹುಡುಗಿ ಚೀಲ ಕೊಡೋಷ್ಟರಲ್ಲಿ ಹತ್ತು ಸಲ ಬೆವರುತ್ತೆ" ಎಂದರು. ಎಷ್ಟು ಖುಷಿಯಾಯಿತು ನನಗೆ. ಆ ಖುಷಿಯಲ್ಲೇ ಕೆಲಸ ಶುರುಮಾಡಿದೆ.

ಕಾರ್ಖಾನೆಯಿಂದ ಎರಡು ಬಗೆಯ ಗಾಳಿ ತಂದಿದ್ದರು. ಒಂದು ಚಿಮಣಿಯೊಳಗಿನದು, ಇನ್ನೊಂದು ಕಾಂಪೌಂಡು ಗೋಡೆಯ ಹತ್ತಿರದ್ದು. ಗೋಡೆಯದನ್ನು ಹತ್ತು ಪಟ್ಟು ತೆಳುಮಾಡಿದರೆ ಸಾಕು. ಚಿಮಣಿಯದಕ್ಕೆ ಸಾವಿರ ಪಟ್ಟಿನಿಂದ ಆಚೆಗೆ. ಎರಡೂ ಚೀಲದ ಚೀಟಿ ನೀರು ತಾಗಿ ಅಳಿಸಿತ್ತು, ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡೆ. ಮೂಗಿದ್ದವರು ಮುಚ್ಚಳ ಒಂದು ಕೂದಲೆಳೆ ತೆಗೆದರೆ ಸಾಕಿತ್ತು. ನಾನೂ ತೆಗೆದೆ, ಮೂಸಿದೆ, ತಲೆದೂಗಿದೆ, ಗೋಡೆಯದು ಎಂದು ತೀರ್ಮಾನಿಸಿದೆ. ಒಬ್ಬೊಬ್ಬರಿಗೆ ಮೂರು ಮೂರು ಚೀಲ, ಎರಡರಲ್ಲಿ ಶುದ್ಧ ಗಾಳಿ, ಒಂದರಲ್ಲಿ ಹತ್ತು ಪಟ್ಟು ತೆಳುಮಾಡಿದ ಚಿಮಣಿ.

ಯಾವುದರಲ್ಲಿದೆ ಎಂದು ಯಾರೂ ಯೋಚಿಸಬೇಕಾಗಲಿಲ್ಲ. ತಾನೆಯಿಚಿ ಅಜ್ಜಿ ಚೀಲ ಎಸೆದು ಬಾಯಿಗೆ ಕೈ ಹಿಡಿದುಕೊಂಡು ಹೊರಗೋಡಿದರು. ಮೀನು ಸಾಗಿಸುತ್ತಿದ್ದ ಲಾರಿ ಚಾಲಕನೂ "ತಾಯೀ, ಸತ್ತೆ!" ಎಂದು ಕಿಟಕಿಗೆ ಹಾರಿದ. ಪುರಸಭೆಯ ಹುಡುಗ ಟೈ ಎತ್ತಿ ಮೂಗಿಗೆ ಕಟ್ಟಿಕೊಂಡ. ಕೋಣೆಯಲ್ಲಿ ಸುಮ್ಮನೆ, ಆರಾಮಾಗಿ ನಿಂತಿದ್ದವಳು ನಾನೊಬ್ಬಳೇ. ಅದನ್ನೇ ಸಾವಾಗುಚಿ-ಸಾನ್ ನೋಡುತ್ತಿದ್ದರು.

ಆರೂ ಮೂಗು ಆ ದಿನಕ್ಕೆ ಕೆಟ್ಟವು. ಪರೀಕ್ಷೆ ರದ್ದು. ಎಲ್ಲರೂ ಹೋದ ಮೇಲೆ ಅವರು ಒಂದು ಚೀಲ ನನ್ನ ಮುಂದೆ ಹಿಡಿದರು.

"ಮೂಸು."

ಮೂಸಿದೆ.

"ಏನು?"

"ಮೀನು."

"ಇದು ಶುದ್ಧ ಗಾಳಿ, ಹಟಾನಾಕಾ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕಾಲು ಮುರಿದೋನು ಕಾಲು ಮುರಿದಿದೆ ಅಂತಾನೆ. ಮೂಗು ಹೋದೋಳು ಹೋಗಿದೆ ಅನ್ನೋಕೆ ಏನು ಅಡ್ಡಿ?" ಎಂದು ಕೇಳಿ, ಪುರಸಭೆಗೆ ಕ್ಷಮೆ ಕೇಳಲು ಕೋಟು ಹಾಕಿಕೊಂಡು ಹೊರಟರು. ಬಾಗಿಲಲ್ಲಿ ತಿರುಗಿ, "ಆ ಕಾರ್ಖಾನೆ ಪಕ್ಕದವ್ರು ಎರಡು ವರ್ಷದಿಂದ ಕಿಟಕಿ ತೆಗೆದಿಲ್ಲ. ಅವ್ರು ಇನ್ನೂ ಒಂದು ತಿಂಗಳು ಕಾಯ್ಬೇಕು" ಎಂದರು.

ಫೆಬ್ರವರಿ 3, ಮಂಗಳವಾರ

ಇವತ್ತು ಚಳಿಗಾಲ ಕಳೆಯುವ ಹಬ್ಬ. ಅತ್ತೆ ಮನೆಯ ತುಂಬ ಕಡಲೆಕಾಯಿ ಎಸೆದು "ಪಿಶಾಚಿ ಹೊರಗೆ, ಭಾಗ್ಯ ಒಳಗೆ" ಎಂದು ಕೂಗಿಸಿದರು. ಈ ವರ್ಷ ಪಿಶಾಚಿಯ ಮುಖವಾಡ ತೆತ್ಸುರೋಗೆ. ಇಬುಕಿ ಹೆದರಿ ಅತ್ತ. ನಾನು ಗುರಿಯಿಟ್ಟು ಎಸೆದೆ.

ಆಮೇಲೆ ಸೋಫಾದ ಕೆಳಗಿನ ಕಾಯಿ ಆರಿಸುತ್ತಾ ಇದ್ದಾಗ ಬರೆಯಬೇಕೆನ್ನಿಸಿತು. ಆ ಭಾನುವಾರ ಬೆಳಿಗ್ಗೆ ಇಬುಕಿಗೆ ಮೂವತ್ತೇಳೂ ಮುಕ್ಕಾಲು ಡಿಗ್ರಿ ಜ್ವರ ಇತ್ತು. ಕಜಾನೆ ಬರುವ ಮುಂಚೆ ಮೂರು ಸಲ ಅವನ ಮೂಗು ಒರೆಸಿದ್ದೆ. ಹಲ್ಲು ಗಿಲ್ಲು ಏನೂ ಇಲ್ಲ.

ಫೆಬ್ರವರಿ 7, ಶನಿವಾರ

ಕಜಾನೆ ಮತ್ತೆ ಬಂದಳು, ಬಾಯಿಗೆ ಮಾಸ್ಕು, ಸ್ವರ ಇನ್ನೂ ಒಡೆದದ್ದು. ಅಡುಗೆಮನೆಯಲ್ಲಿ ಕೂತು, ತಾನೇ ತಂದಿದ್ದ ಸೇಬನ್ನು ತಾನೇ ಸುಲಿಯತೊಡಗಿದಳು.

"ಮೂಗು ಹೋಗಿದೆ ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟು ಹೋಗ್ತಿತ್ತಾ?"

"ನಿಂಗೆ ಹೇಳಿದ್ರೆ ನೀನು ಕುರ್ಚಿ ಬಿಡ್ತಿದ್ಯಾ?"

"ಕುರ್ಚಿ, ಕುರ್ಚಿ! ಆ ಕುರ್ಚಿ ಮೇಲೆ ನಾನು ಹೆಂಗೆ ಕೂತಿದೀನಿ ಅಂತ ಗೊತ್ತೇನೇ ನಿಂಗೆ?" ಚಾಕು ಕೆಳಗಿಟ್ಟಳು. "ಪಟ್ಟಿ ಮೂಸಿ ಪಾಸಾಗೋಷ್ಟು ಮೂಗು ನಂದು, ಅಷ್ಟೆ. ಹತ್ತು ಪಟ್ಟಾ, ಮುನ್ನೂರು ಪಟ್ಟಾ ಅಂತ ನಂಗೆ ಗೊತ್ತಾಗಲ್ಲ. ಪ್ರತಿಸಲ ಪರೀಕ್ಷೆ ಹಿಂದಿನ ದಿನ ವಾಂತಿ ಮಾಡ್ಕೋತೀನಿ. ಅವತ್ತು ಬಂದಿದ್ದು ಅದನ್ನ ಹೇಳೋಕೆ. ನೀನು ಬೇಗ ಬಾ, ಇಲ್ಲಾ ಪುಸ್ತಕನಾದ್ರೂ ಕೊಡು ಅಂತ ಕೇಳೋಕೆ."

ಅವಳ ಸಂದೇಶಗಳನ್ನೆಲ್ಲ ಮನಸ್ಸಿನಲ್ಲೇ ಮತ್ತೆ ಓದಿಕೊಂಡೆ. ಯಾವಾಗ ಬರ್ತೀಯೇ. ಯಾವಾಗ ಬರ್ತೀಯೇ.

ಅಷ್ಟಾದ ಮೇಲೂ, ಹೇಳಿಬಿಟ್ಟೆ ಎಂಬುದು ನನಗೇ ಆಶ್ಚರ್ಯ. "ಅವತ್ತು ಇಬುಕಿಗೆ ಶೀತ ಇತ್ತು. ನಂಗೆ ಗೊತ್ತಿತ್ತು."

"ಜ್ವರ?"

"ಮೂವತ್ತೇಳೂ ಮುಕ್ಕಾಲು."

ಅವಳು ಸೇಬಿನ ಸಿಪ್ಪೆಯನ್ನು ಬೆರಳಿಗೆ ಸುತ್ತಿಕೊಂಡಳು. "ಐದು ದಿನ ಬಾಯಲ್ಲಿ ಉಸಿರಾಡಿದೀನಿ ಕಣೇ, ಪಾಪಿ" ಎಂದಳು ಕೊನೆಗೆ. ಎದ್ದಳು. ನಾನು ಒಳಗೆ ಹೋಗಿ ನೀಲಿ ಪುಸ್ತಕ ತಂದೆ. ನನ್ನ ಮುಖ ನೋಡದೆ ಅದನ್ನು ಕೈಚೀಲಕ್ಕೆ ಹಾಕಿಕೊಂಡು ಹೋದಳು.

ಸೇಬು ಸುಲಿದದ್ದು ಸುಲಿದ ಹಾಗೇ ಇತ್ತು. ಕಂದಿದ ಮೇಲೆ ನಾನೇ ತಿಂದೆ. ರುಚಿ ತಿಳಿಯಲಿಲ್ಲ.

ಫೆಬ್ರವರಿ 12, ಗುರುವಾರ

ಪುಸ್ತಕ ಕೊಟ್ಟಿದ್ದಕ್ಕೆ ಈಗ ಸಂಕಟ. ಅವಳಿಗೆ ಮೂಗೂ ಇದೆ, ಪುಸ್ತಕವೂ ಇದೆ. ನನ್ನ ಹತ್ತಿರ ಏನಿದೆ? ಇಬುಕಿ ನಿನ್ನೆ ಏಳು ಸಲ ಎದ್ದ.

ಫೆಬ್ರವರಿ 14, ಶನಿವಾರ

ಬಾಗಿಲು ತಟ್ಟಿದ ಸದ್ದು. ಕಜಾನೆ. ಕೈಯಲ್ಲಿ ಪಟ್ಟಿಗಳ ಕಟ್ಟು.

"ಸ್ನೇಹ ಅಂತ ಬಂದಿಲ್ಲ. ನಿನ್ನ ಅಕ್ಷರ ಓದೋಕಾಗ್ತಿಲ್ಲ, ಅದಕ್ಕೆ ಬಂದೆ. ಎರಡನೇ ಪುಟದಲ್ಲಿ 'ಹಳೇ ಛತ್ರಿ ವಾಸನೆ ಇದ್ರೆ ನೂರು ಪಟ್ಟು' ಅಂತ ಬರ್ದಿದೀಯ. ಹಂಗಂದ್ರೆ ಏನು?"

"ಮಳೇಲಿ ನೆನೆದದ್ದನ್ನ ಮಡಚಿಟ್ಟು ಬೇಸಗೇಲಿ ಬಿಚ್ಚಿದ ಹಾಗೆ."

"ಹಂಗೆ ಹೇಳು ಮತ್ತೆ. ಬರೆಯೋಕೇನು ರೋಗ?" ಗೀಚಿಕೊಂಡಳು. ಆಮೇಲೆ ಐದು ಪಟ್ಟಿ ಹರಡಿದಳು, ಎರಡನ್ನು ಮಾತ್ರ ಶೀಸೆಯಲ್ಲಿ ಅದ್ದಿದ್ದಳು. "ಯಾವ ಎರಡರಲ್ಲಿದೆ, ಹೇಳು. ದಿನಾ ಮೂಸಿದ್ರೆ ವಾಪಸ್ ಬರುತ್ತಂತೆ, ಡಾಕ್ಟರ್ ಹತ್ರ ಕೇಳಿದೀನಿ."

ಹೇಳಲಾಗಲಿಲ್ಲ. ಅವಳು ಕಣ್ಣು ಮುಚ್ಚಿ ಐದೂ ಶೀಸೆಯ ವಾಸನೆಯನ್ನು ಟಕಟಕ ಹೇಳಿಬಿಟ್ಟಳು. ಅವಳನ್ನು ಹೊರಗೆ ದಬ್ಬಿ ಬಾಗಿಲು ಹಾಕಿಕೊಳ್ಳೋಣ ಎನ್ನಿಸಿತು. ಬದಲಿಗೆ ಊಟಕ್ಕೆ ನಿಲ್ಲಿಸಿಕೊಂಡೆ. ಬೆಳ್ಳುಳ್ಳಿ ಹಾಕಲಿಲ್ಲ, ಸೋಮವಾರ ಅವಳಿಗೆ ಪರೀಕ್ಷೆ ಇದೆ.

ಫೆಬ್ರವರಿ 20, ಶುಕ್ರವಾರ

ಗುಲಾಬಿ! ಮೂರು ಕೋಣೆಯಾಚೆ ಯಾರೋ ಗುಲಾಬಿಯ ಹೆಸರು ಹೇಳಿದ ಹಾಗೆ, ಅಷ್ಟು ದೂರದಿಂದ. ಆದರೂ ಗುಲಾಬಿಯೇ.

ಫೆಬ್ರವರಿ 25, ಬುಧವಾರ

ಸುಟ್ಟ ಸಕ್ಕರೆ, ಪೀಚ್. ನಿನ್ನೆಯಿಂದ ಕಾಲುಚೀಲ. ತೆತ್ಸುರೋ ಕೂತ ತಕ್ಷಣ "ಸ್ನಾನ ಮಾಡು!" ಎಂದು ಕಿರುಚಿದೆ. ದಿನಾ ಹೇಳೋದೇ ತಾನೇ, ಇವತ್ತೇನು ವಿಶೇಷ ಎಂದ.

ಐದನೆಯದು ಮಾತ್ರ ಇಲ್ಲ. ಪಟ್ಟಿ ಬರೀ ಕಾಗದ. ಕಜಾನೆ ನಿನ್ನೆ ಕೆಲಸ ಮುಗಿಸಿ ಬಂದು ಹತ್ತು ಸಲ ಅದ್ದಿಕೊಟ್ಟಳು. ಕೊನೆಗೆ ಅವಳಿಗೇ ತಲೆನೋವು. ಮೀನುಹಿಟ್ಟಿನ ಪರೀಕ್ಷೆ ಹೋದ ವಾರದ ಸೋಮವಾರ ಮತ್ತೆ ನಡೆಸಿದ್ದಾಳೆ. ಚಿಮಣಿಯದನ್ನು ಸಾವಿರದಿಂದ ಶುರುಮಾಡಿದಳಂತೆ, ವಾಂತಿ ಆಗಲಿಲ್ಲವಂತೆ. ಮಿತಿ ಮೀರಿದೆ ಎಂದು ವರದಿ ಹೋಗಿದೆ, ಕಾರ್ಖಾನೆಯವರು ಕುಲುಮೆ ರಿಪೇರಿ ಮಾಡಿಸಬೇಕು. ಸಾವಾಗುಚಿ-ಸಾನ್ ಅವಳ ಮೂಲಕ ಹೇಳಿಕಳಿಸಿದ್ದಾರೆ: "ಮೂಗು ತಗೊಂಡು ಬಾ. ಕುರ್ಚಿ ಒಂದೇ ಇದೆ. ಯಾರು ಕೂರೋದು ಅಂತ ನೀವಿಬ್ರೇ ಕಿತ್ತಾಡ್ಕೊಳ್ಳಿ."

ಅಂದರೆ ಇನ್ನೂ ಕಿತ್ತಾಡಬೇಕು. ಇರಲಿ.

ಫೆಬ್ರವರಿ 28, ಶನಿವಾರ

ಪುಸ್ತಿಕೆಯ ಮುಖಪುಟದ ಮಾದರಿ ಬಂದಿದೆ. ಕಜಾನೆ ಚೀಲ ಹಿಡಿದಿರುವುದೇ ತಪ್ಪು. ಹಾಗೆ ಹಿಡಿದರೆ ಬೆರಳಿನ ವಾಸನೆ ಬರುತ್ತದೆ. ಆದರೂ ಕೂದಲು ಎಷ್ಟು ಚೆನ್ನಾಗಿ ಕಾಣುತ್ತದೆ, ನನಗೆ ಹೆರಿಗೆಯಾದ ಮೇಲೆ ಹಿಡಿಹಿಡಿ ಉದುರುತ್ತಿದೆ. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ನಮೂನೆ ಕಳಿಸಲು ಇವತ್ತೇ ಕೊನೆ. 'ಈಗಿನ ಕೆಲಸ' ಎಂಬಲ್ಲಿ 'ವಾಸನೆ ಪರೀಕ್ಷಕಿ, ರಜೆಯಲ್ಲಿ' ಎಂದು ಬರೆದೆ. 'ಕಿರಿಯರಿಗೆ ಎರಡು ಮಾತು' ಎಂಬಲ್ಲಿ ಬಹಳ ಹೊತ್ತು ಯೋಚಿಸಿ 'ಶೀತವಾಗಿದ್ದರೆ ಮೊದಲೇ ಹೇಳಿ' ಎಂದು ಬರೆದೆ. ಎರಡು ಮಾತು ಕೇಳಿದ್ದರು, ಒಂದೇ ಆಯಿತು. ಇನ್ನೊಂದಕ್ಕೆ ಪೆನ್ನು ಕಚ್ಚುತ್ತಾ ಕೂತಿದ್ದೆ.

ಆಗ ಬಂತು. ಪಟ್ಟಿಯಿಂದಲ್ಲ, ಶೀಸೆಯಿಂದಲ್ಲ. ಚಾಪೆಯ ಮೇಲೆ ಕಾಲು ಬಡಿಯುತ್ತಾ ಮಲಗಿದ್ದ ಇಬುಕಿಯ ಕಡೆಯಿಂದ, ಬಾಗಿಲು ಒದ್ದುಕೊಂಡು ಬಂದ ಹಾಗೆ. ಕಣ್ಣಲ್ಲಿ ನೀರು ಬರುವಷ್ಟು. ಪೆನ್ನು ಬಿಸಾಡಿ ಫೋನು ತೆಗೆದುಕೊಂಡೆ.

"ಕಜಾನೆ! ಐದನೇದು ಬಂತು ಕಣೇ!"

"ಸುಳ್ಳು! ಯಾವ ಪಟ್ಟೀಲಿ?"

"ಪಟ್ಟಿ ಅಲ್ಲ, ಇಬುಕಿ!"

ಆ ಕಡೆ ಕಿರುಚಾಟ, ಏನೋ ಕೆಳಗೆ ಬಿದ್ದ ಸದ್ದು. "ಎಷ್ಟು ಪಟ್ಟಿನಿಂದ ಶುರುಮಾಡ್ಲಿ?"

"ಸಾವಿರಕ್ಕೂ ಬಗ್ಗಲ್ಲ ಇದು!"

"ತೆತ್ಸುರೋಗೆ ಹೇಳಿದ್ಯಾ?"

"ಇಲ್ಲ. ಯಾಕೆ?"

"ನಂಗೇ ಮೊದಲಾ!" ಎಂದು ನಕ್ಕಳು. ಆಮೇಲೆ, ಮಾರ್ಚ್ ಹನ್ನೆರಡಕ್ಕೆ ತಾನೂ ಸೆಂದಾಯಿಗೆ ಬರುತ್ತೇನೆ, ರೈಲಿನಲ್ಲಿ ಮಗುವನ್ನು ಹಿಡಿಯಲು ಒಬ್ಬರು ಬೇಕಲ್ಲ ಎಂದಳು. ಬೆಳ್ಳುಳ್ಳಿ ಇವತ್ತಿನಿಂದಲೇ ಬಿಡಬೇಕು ಎಂದಳು, ದೊಡ್ಡ ಪರೀಕ್ಷಕಿಯ ಹಾಗೆ. ನನಗೇ ಕಲಿಸುತ್ತಾಳೆ.

ಫೋನು ಇಟ್ಟು ಹೊಸ ಡಯಾಪರು ತಂದೆ. ಬದಲಿಸುವ ಮೊದಲು ಇನ್ನೊಂದು ಸಲ ಬಗ್ಗಿ, ಹೊಟ್ಟೆ ತುಂಬ ಮೂಸಿದೆ.